ಕರುಣೆಗೆ ಕಾರಣ ಕೇಳಬೇಕೆ?

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಅವರ ‘ಟ್ರಾಮಾ ಅಂಡ್ ರಿಕವರಿ’ 1992ರಲ್ಲಿ ಹೊರಬಂತು. ಯುದ್ಧ ಮುಗಿಸಿ ಬಂದ ಸೈನಿಕ, ಸೆರೆಶಿಬಿರದಿಂದ ಬದುಕಿ ಬಂದವರು, ಗಂಡನ ಏಟು ತಿಂದ ಹೆಂಗಸು, ಸ್ವಂತ ಮನೆಯಲ್ಲೇ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಮಗು, ಇಷ್ಟೂ ಜನರ ನೋವನ್ನು ಒಂದೇ ಸಾಲಿನಲ್ಲಿಟ್ಟು ನೋಡಿದ್ದು ಆ ಪುಸ್ತಕದ ದೊಡ್ಡತನ. ಒಂದು ಅಪಘಾತ ಮನಸ್ಸಿಗೆ ಮಾಡುವ ಗಾಯ ಬೇರೆ, ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ವರ್ಷಗಟ್ಟಲೆ ಇನ್ನೊಬ್ಬರ ಹಿಡಿತದಲ್ಲಿ ನರಳಿದಾಗ ಆಗುವ ಗಾಯ ಬೇರೆ ಎಂದು ಹರ್ಮನ್ ವಾದಿಸಿದರು. ಎರಡನೆಯದನ್ನು ಸಂಕೀರ್ಣ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಒತ್ತಡದ ಕಾಯಿಲೆಯ ಸಂಕೀರ್ಣ ರೂಪ, ಎಂದು ಕರೆದರು. ಅಲ್ಲಿಗೆ ನಿಲ್ಲದೆ, ‘ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ’ (ಭಾವನೆ, ಸಂಬಂಧ, ತನ್ನತನ ಯಾವುದೂ ಸ್ಥಿರವಾಗಿ ನಿಲ್ಲದ ಸ್ಥಿತಿ) ಎಂಬ ಹಣೆಪಟ್ಟಿ ಹೊತ್ತ ಅನೇಕ ಹೆಂಗಸರು ಹಾಗೆ ನರಳಿ ಬೆಳೆದ ಮಕ್ಕಳೇ ಎಂದರು. ಕ್ರಿಸ್ಟೋಫರ್ ಪೆರಿ ಮತ್ತು ಬೆಸೆಲ್ ವಾನ್ ಡರ್ ಕೋಕ್ ಜೊತೆ ಅವರು 1989ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬೆಂಬಲವಾಗಿತ್ತು. ಅದರಲ್ಲಿ ಖಚಿತವಾಗಿ ಬಾರ್ಡರ್‌ಲೈನ್ ಎನಿಸಿಕೊಂಡ 21 ಜನರಲ್ಲಿ ಶೇ 81ರಷ್ಟು ಮಂದಿ ಬಾಲ್ಯದ ತೀವ್ರ ಆಘಾತವನ್ನು ಹೇಳಿಕೊಂಡಿದ್ದರು. ಈ ವಾದ ಒಂದು ಅನ್ಯಾಯವನ್ನು ಸರಿಪಡಿಸಿತು. ಆದರೆ ಅದನ್ನು ಕೈಗೆತ್ತಿಕೊಂಡವರ ನಡುವೆ, ರೋಗಿಯ ಮೇಲಿನ ಕರುಣೆಗೂ ಆಕೆಯ ಕಾಯಿಲೆಯ ಕಾರಣಕ್ಕೂ ಒಂದು ಗಂಟು ಬಿತ್ತು. ಕಳೆದ ಮೂರು ದಶಕಗಳ ಸಂಶೋಧನೆ ಆ ಗಂಟನ್ನು ಬಿಚ್ಚಬೇಕೆಂದು ಹೇಳುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಹರ್ಮನ್ ಎದುರಿಸಿದ ಅನ್ಯಾಯ ಎಂಥದ್ದು ಎಂದು ತಿಳಿಯಲು ಬ್ರಿಟನ್ನಿನ ಒಂದು ಅಧ್ಯಯನ ಸಾಕು. ಗ್ಲಿನ್ ಲೂಯಿಸ್ ಮತ್ತು ಲೂಯಿ ಆಪಲ್‌ಬಿ 1988ರಲ್ಲಿ ಪ್ರಕಟಿಸಿದ್ದು ಅದು. 34 ವರ್ಷದ ಒಬ್ಬ ಗಂಡಸು ಹೊರರೋಗಿ ವಿಭಾಗಕ್ಕೆ ಬಂದಿದ್ದಾನೆ. ಮನೆಯಲ್ಲಿ ಒಬ್ಬನೇ ಕೂತು ಅಳುತ್ತಾನೆ, ಸಾಲವಾಗಿದೆ, ಸಾಯುವ ಯೋಚನೆ ಬಂದಿದೆ, ಆಸ್ಪತ್ರೆಗೆ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದಾನೆ. ಈ ವಿವರವನ್ನು ಮನೋವೈದ್ಯರಿಗೆ ಕಳಿಸಿ ಅಭಿಪ್ರಾಯ ಕೇಳಲಾಯಿತು. ಕೆಲವರಿಗೆ ಹೋದ ಪ್ರತಿಯಲ್ಲಿ ಮಾತ್ರ, ಹಿಂದೆ ನೋಡಿದ ವೈದ್ಯರು ‘ವ್ಯಕ್ತಿತ್ವ ದೋಷ’ ಎಂದು ಬರೆದಿದ್ದರು ಎಂಬ ಮಾತು ಸೇರಿತ್ತು. ಅಷ್ಟಕ್ಕೇ ಉತ್ತರಗಳ ದಿಕ್ಕು ಬದಲಾಯಿತು. ಅದೇ ಮನುಷ್ಯ ಗಮನ ಸೆಳೆಯಲು ಹೀಗೆ ಮಾಡುತ್ತಾನೆ, ಸಾಯುವ ಮಾತು ಅವನ ಹತೋಟಿಯಲ್ಲೇ ಇದೆ, ಇವನು ವೈದ್ಯರಿಗೆ ತಲೆನೋವಾಗುತ್ತಾನೆ ಎಂಬ ಕಡೆಗೆ ವೈದ್ಯರು ವಾಲಿದರು. ಅವನ ಕಣ್ಣೀರು, ಸಾಲ, ಭಯ ಯಾವುದೂ ಬದಲಾಗಿರಲಿಲ್ಲ. ಇಂಥ ವಾತಾವರಣದಲ್ಲಿ ‘ಇವಳಲ್ಲಿ ಏನು ದೋಷವಿದೆ ಎಂದು ಕೇಳಬೇಡಿ, ಇವಳಿಗೆ ಏನಾಯಿತು ಎಂದು ಕೇಳಿ’ ಎಂಬ ಧೋರಣೆ ಎಷ್ಟು ಜನರಿಗೆ ಉಸಿರು ಕೊಟ್ಟಿರಬೇಕು ಎಂಬುದನ್ನು ಊಹಿಸಬಹುದು.

ಮುಂದಿನ ಕಥೆ ನಿಧಾನವಾಗಿ ಸಾಗಿತು. ಅಮೆರಿಕದ ರೋಗನಿರ್ಣಯ ಕೈಪಿಡಿ 1994ರಲ್ಲೂ 2013ರಲ್ಲೂ ಸಂಕೀರ್ಣ ಪಿಟಿಎಸ್‌ಡಿಯನ್ನು ಪ್ರತ್ಯೇಕ ಕಾಯಿಲೆಯಾಗಿ ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾದ ಐಸಿಡಿ-11 ಒಪ್ಪಿತು. 2019ರಲ್ಲಿ ಅಂಗೀಕಾರವಾಗಿ 2022ರಿಂದ ಜಾರಿಗೆ ಬಂತು. ಅದರ ಹಿಂದೆ ಆಂಡ್ರಿಯಾಸ್ ಮೆರ್ಕರ್, ಕ್ರಿಸ್ ಬ್ರೂಯಿನ್, ಮೆರಿಲೀನ್ ಕ್ಲ್ವಾತ್ರ್ ಮುಂತಾದವರ ಶ್ರಮವಿದೆ. ಕ್ಲ್ವಾತ್ರ್ ತಂಡದ 2014ರ ಅಧ್ಯಯನ ಈ ಚರ್ಚೆಗೆ ಬಹಳ ಮುಖ್ಯ. ಬಾಲ್ಯದ ದೌರ್ಜನ್ಯದ ಕಾರಣಕ್ಕೆ ಚಿಕಿತ್ಸೆ ಕೇಳಿ ಬಂದ 280 ಮಹಿಳೆಯರ ಲಕ್ಷಣಗಳನ್ನು ವಿಶ್ಲೇಷಿಸಿದಾಗ ಪಿಟಿಎಸ್‌ಡಿ, ಸಂಕೀರ್ಣ ಪಿಟಿಎಸ್‌ಡಿ, ಬಾರ್ಡರ್‌ಲೈನ್ ಬೇರೆ ಬೇರೆ ಗುಂಪುಗಳಾಗಿ ಕಂಡವು. ಕೈಬಿಟ್ಟು ಹೋಗುತ್ತಾರೆಂಬ ಭಯದಲ್ಲಿ ಒದ್ದಾಡುವುದು, ತಾನು ಯಾರೆಂಬುದೇ ನಿಲ್ಲದಿರುವುದು, ಸಂಬಂಧಗಳ ವಿಪರೀತ ಏರಿಳಿತ, ದುಡುಕು, ಈ ನಾಲ್ಕು ಬಾರ್ಡರ್‌ಲೈನ್ ಗುಂಪಿನ ಗುರುತುಗಳಾಗಿದ್ದವು. ಸಂಕೀರ್ಣ ಪಿಟಿಎಸ್‌ಡಿ, ಬಾರ್ಡರ್‌ಲೈನ್ ಎರಡೂ ಒಂದೇ ಎನ್ನುವವರಿಗೆ ಇದು ಉತ್ತರ ಎಂದು ಈ ಅಧ್ಯಯನವನ್ನು ಹೆಚ್ಚಾಗಿ ಉಲ್ಲೇಖಿಸುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಸಂಗತಿ ದೊಡ್ಡದಾಗಿ ಕಾಣುತ್ತದೆ. ಅಲ್ಲಿದ್ದ ಎಲ್ಲ ಮಹಿಳೆಯರೂ ದೌರ್ಜನ್ಯ ಕಂಡವರೇ. ಹಾಗಿರುವಾಗ ಆಘಾತ ಉಂಡವರದು ಸಂಕೀರ್ಣ ಪಿಟಿಎಸ್‌ಡಿ, ಸ್ವಭಾವವೇ ಕೆಟ್ಟವರದು ಬಾರ್ಡರ್‌ಲೈನ್ ಎಂಬ ಜನಜನಿತ ಹಂಚಿಕೆಗೆ ಆಧಾರವೇ ಉಳಿಯುವುದಿಲ್ಲ.

ಇನ್ನೊಂದು ಬದಿಯನ್ನೂ ನೋಡಬೇಕು. ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ 97 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಾರ್ಡರ್‌ಲೈನ್ ಇರುವವರಲ್ಲಿ ಶೇ 71ರಷ್ಟು ಮಂದಿ ಬಾಲ್ಯದ ಒಂದಲ್ಲ ಒಂದು ಸಂಕಟವನ್ನು ಹೇಳಿಕೊಂಡಿದ್ದರು. ಅದು ಭಾರೀ ಪ್ರಮಾಣ, ಅನುಮಾನವಿಲ್ಲ. ಆದರೂ ಸುಮಾರು ಶೇ 29ರಷ್ಟು ಜನ ಹೇಳಿಕೊಂಡಿರಲಿಲ್ಲ. ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳ ಮೇಲೆ 2021ರಲ್ಲಿ ಬಂದ ಅಧ್ಯಯನ ಆನುವಂಶಿಕತೆಯ ಪಾಲನ್ನು ಶೇ 46 ಎಂದು ಅಂದಾಜಿಸಿದೆ. ಯಾರೂ ಹೊಡೆಯದ, ಯಾರೂ ಮುಟ್ಟದ, ಆದರೆ ಹುಟ್ಟಿನಿಂದಲೇ ಚರ್ಮ ಸುಲಿದಂಥ ಮನಸ್ಸಿನ ಹುಡುಗಿಯ ನೋವು ಎಲ್ಲಿಗೆ ಹೋಗಬೇಕು? ಆಘಾತದ ಪುರಾವೆ ತಂದವಳಿಗೆ ಸಹಾನುಭೂತಿ, ತರದವಳಿಗೆ ಹಳೆಯ ತಿರಸ್ಕಾರ ಎಂದಾದರೆ ಲೂಯಿಸ್ ಮತ್ತು ಆಪಲ್‌ಬಿ ಕಂಡ ಅನ್ಯಾಯ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿತಷ್ಟೇ. ಕಾಲು ಮುರಿದುಕೊಂಡು ಬಂದವನಿಗೆ ಪ್ಲಾಸ್ಟರ್ ಹಾಕುವ ಮುನ್ನ ‘ನೀನೇ ಬಿದ್ದೆಯೋ, ಯಾರಾದರೂ ತಳ್ಳಿದರೋ’ ಎಂದು ಯಾವ ವೈದ್ಯರೂ ತೀರ್ಪು ಕೊಡಲು ಕೂರುವುದಿಲ್ಲ. ಪುರಾವೆಯ ಹಸಿವು ಇನ್ನೊಂದು ಅಪಾಯವನ್ನೂ ತರುತ್ತದೆ. ಇಲ್ಲದ ನೆನಪನ್ನು ಅಗೆಯುವ ಚಿಕಿತ್ಸೆ ಎಷ್ಟು ಮನೆಗಳನ್ನು ಕಲಕಬಲ್ಲದು ಎಂಬುದನ್ನು ಅಮೆರಿಕ 1990ರ ದಶಕದಲ್ಲಿ ಕಂಡಿದೆ. ಹರ್ಮನ್ ಅವರಿಗೆ ನ್ಯಾಯ ಸಲ್ಲಿಸಿ ಹೇಳಬೇಕೆಂದರೆ, ಅವರ ಮೂರು ಹಂತದ ಚಿಕಿತ್ಸೆಯಲ್ಲಿ ಮೊದಲು ಬರುವುದು ರೋಗಿಯ ಸುರಕ್ಷತೆ. ನೆನಪಿನ ಸರದಿ ಆಮೇಲೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ‘ವ್ಯಕ್ತಿತ್ವ ದೋಷ’ ಎಂಬ ಹೆಸರೇ ಗಾಯ ಮಾಡುವಾಗ ಅದನ್ನು ಬಿಟ್ಟುಬಿಡುವುದೇ ಮೇಲಲ್ಲವೇ ಎಂಬುದು ಮೊದಲನೆಯದು. ಬಿಡಬಹುದು. ಐಸಿಡಿ-11 ಹಳೆಯ ವಿಧಗಳನ್ನು ಕೈಬಿಟ್ಟು ಸೌಮ್ಯ, ಮಧ್ಯಮ, ತೀವ್ರ ಎಂಬ ಮಟ್ಟಗಳನ್ನು ಮಾಡಿದೆ. ಬಾರ್ಡರ್‌ಲೈನ್ ಅನ್ನು ಒಂದು ಮಾದರಿಯಾಗಿ ಉಳಿಸಿಕೊಂಡಿದೆ. ಆದರೆ ತಿರಸ್ಕಾರ ಬರೀ ಹೆಸರಿನಲ್ಲಿ ಇರಲಿಲ್ಲ. ಇವರು ವಾಸಿಯಾಗುವವರಲ್ಲ ಎಂಬ ನಂಬಿಕೆಯಲ್ಲಿತ್ತು. ಆ ನಂಬಿಕೆಯನ್ನು ಮುರಿದವರು ಅಮೆರಿಕದ ಸಂಶೋಧಕಿ ಮೇರಿ ಝನಾರಿನಿ. ಮ್ಯಾಕ್‌ಲೀನ್ ಆಸ್ಪತ್ರೆಯಲ್ಲಿ 1992ರಲ್ಲಿ ಆರಂಭವಾದ ಅವರ ಅಧ್ಯಯನ 290 ಬಾರ್ಡರ್‌ಲೈನ್ ರೋಗಿಗಳ ಬೆನ್ನು ಬಿಡದೆ ಸಾಗಿತು. ಹತ್ತು ವರ್ಷಗಳಲ್ಲಿ ಶೇ 93ರಷ್ಟು ಮಂದಿಯ ಲಕ್ಷಣಗಳು ಕನಿಷ್ಠ ಎರಡು ವರ್ಷ ಇಳಿದೇ ಇದ್ದವು. ಕೆಲಸ, ಸಂಬಂಧ ಎರಡನ್ನೂ ಉಳಿಸಿಕೊಂಡು ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು. ಈ ಎರಡನೆಯ ಸಂಖ್ಯೆಯನ್ನು ಮುಚ್ಚಿಡಬಾರದು. ಇನ್ನೂ ಆಗಬೇಕಾದ ಕೆಲಸ ಇರುವುದು ಅಲ್ಲಿ. ಕಾರಣ ಗೊತ್ತಿಲ್ಲದೆ ಚಿಕಿತ್ಸೆ ಹೇಗೆ ಎಂಬುದು ಎರಡನೆಯ ಆಕ್ಷೇಪ. ಕಾಡುವ ನೆನಪುಗಳಿದ್ದವರಿಗೆ ಆಘಾತದ ಚಿಕಿತ್ಸೆ ಬೇಕೇ ಬೇಕು, ಆ ವಿಂಗಡಣೆ ಉಪಯುಕ್ತ. ಆದರೆ ಮನೋವಿಜ್ಞಾನಿ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸೆ ಭಾವದ ಬಿರುಗಾಳಿಯನ್ನು ತಾಳಿಕೊಳ್ಳುವ ಕೌಶಲ ಕಲಿಸಲು ಯಾರಿಂದಲೂ ದೌರ್ಜನ್ಯದ ಪುರಾವೆ ಕೇಳುವುದಿಲ್ಲ. ಅವರ 1991ರ ಪ್ರಯೋಗದಲ್ಲಿ ಆ ಚಿಕಿತ್ಸೆ ಪಡೆದವರು ತಮಗೆ ತಾವೇ ಹಾನಿ ಮಾಡಿಕೊಳ್ಳುವುದೂ ಆಸ್ಪತ್ರೆಯಲ್ಲಿ ಕಳೆಯುವ ದಿನಗಳೂ ಕಡಿಮೆಯಾದವು. ಹದಿಹರೆಯದಲ್ಲಿ ತಾವೂ ಹಾಗೆಯೇ ಒದ್ದಾಡಿ ಆಸ್ಪತ್ರೆ ಸೇರಿದ್ದನ್ನು ಲಿನೆಹನ್ 2011ರಲ್ಲಿ ಬಹಿರಂಗವಾಗಿ ಹೇಳಿದರು.

ಇದು ದೂರದ ಚರ್ಚೆಯೇನೂ ಅಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 3ನೇ ಸೆಕ್ಷನ್, ಮಾನಸಿಕ ಕಾಯಿಲೆಯನ್ನು ನಿರ್ಣಯಿಸುವಾಗ ಅನುಸರಿಸಬೇಕಾದ ಮಾನದಂಡಗಳಲ್ಲಿ ಐಸಿಡಿಯ ಇತ್ತೀಚಿನ ಆವೃತ್ತಿಯನ್ನು ಹೆಸರಿಸುತ್ತದೆ. ಆದ್ದರಿಂದ ಐಸಿಡಿ-11ರ ಸಂಕೀರ್ಣ ಪಿಟಿಎಸ್‌ಡಿ, ಬಾರ್ಡರ್‌ಲೈನ್ ಎಂಬ ಎರಡು ಹೆಸರುಗಳು ಕರ್ನಾಟಕದ ಆಸ್ಪತ್ರೆಗಳ ಕೇಸ್ ಶೀಟ್‌ಗಳಿಗೂ ಬರುತ್ತವೆ. ಮನೋವೈದ್ಯಶಾಸ್ತ್ರ ಕಲಿಸುವವರು ಹರ್ಮನ್ ಪುಸ್ತಕದ ಪಕ್ಕದಲ್ಲೇ ಝನಾರಿನಿ ಅವರ ಹತ್ತು ವರ್ಷದ ಅಂಕಿಗಳನ್ನೂ ವಿದ್ಯಾರ್ಥಿಗಳ ಮುಂದಿಡಲಿ. ಎರಡರಲ್ಲಿ ಯಾವ ಹೆಸರು ಬರೆದರೂ ಮುಂದಿನ ಭೇಟಿಯ ತಾರೀಖನ್ನು ಒಂದೇ ಗೌರವದಿಂದ ಬರೆದುಕೊಡಲಿ.