ಐವತ್ತು ಸಿಸಿ ಗರಗಸ ಮತ್ತು ಬಳ್ಳಾರಿ ಜಾಲಿ

ಬೆಂಗಳೂರಲ್ಲಿ ಕೂತು ಊರಿಗೆ ಮಷೀನು ಆರ್ಡರ್ ಮಾಡೋದು ನಮ್ಮ ತಲೆಮಾರಿನವರ ಹೊಸ ಪುತ್ರಧರ್ಮ. ಮೊದಲು ಮಿಕ್ಸಿ ಹೋಯ್ತು, ಆಮೇಲೆ ಇನ್ವರ್ಟರ್, ಬ್ಯಾಟರಿ ಪಂಪು. ಈಗ ಚೈನ್‌ಸಾ ಸರದಿ. ಆಫೀಸಿನ ಕಾಲ್ ಮುಗಿದ ಮೇಲೆ ಹತ್ತು ಟ್ಯಾಬ್ ತೆಗೆದು, ಸಿಸಿ, ಕಿಲೋವ್ಯಾಟ್, ತೂಕ, ಬೆಲೆ ಎಲ್ಲವನ್ನೂ ಒಂದು ಎಕ್ಸೆಲ್ ಶೀಟಿಗೆ ಹಾಕಿ, ಕೊನೇ ಕಾಲಮ್ಮಿನಲ್ಲಿ ಹಸಿರು ಬಣ್ಣ ಬಂದದ್ದನ್ನು ಊರಿನ ವಿಳಾಸಕ್ಕೆ ಕಳಿಸಿಬಿಡ್ತೀವಿ. ಆ ಶೀಟಿನಲ್ಲಿ ಎರಡು ಕಾಲಮ್ಮು ಮಾತ್ರ ಯಾವಾಗಲೂ ಬಿಟ್ಟುಹೋಗಿರುತ್ತೆ. ಕೊಯ್ಯೋದು ಯಾವ ಮರ? ಹಿಡಿಯೋದು ಯಾರ ಕೈ? ಈ ಎರಡನ್ನೂ ತುಂಬಿಸಿ ನೋಡಿದರೆ ಹಸಿರು ಬಣ್ಣ ಬೇರೆ ಕಡೆ ಹೋಗುತ್ತೆ ಅನ್ನೋದು ನನ್ನ ವಾದ.

ಮೊದಲು ಮರ. ನಮ್ಮೂರು ಕಲ್ಮಲ, ರಾಯಚೂರಿನಿಂದ ಮಾನ್ವಿ ಕಡೆ ಹೋಗೋರಿಗೆ ದಾರೀಲಿ ಸಿಗುತ್ತೆ. ನಮ್ಮ ಸೀಮೆಯಲ್ಲಿ ಚೈನ್‌ಸಾ ಅಂದ್ರೆ ಮುಕ್ಕಾಲು ಪಾಲು ಬಳ್ಳಾರಿ ಜಾಲಿ ಕೊಯ್ಯೋ ಕೆಲಸ. ಹೆಸರಲ್ಲಿ ಬಳ್ಳಾರಿ ಇದ್ದರೂ ಇದು ಅಮೆರಿಕ ಖಂಡದ ಗಿಡ. 1877ರ ಹೊತ್ತಿಗೆ ಜಮೈಕಾದ ಬೀಜ ತರಿಸಿ ಕಡಪ ಸೀಮೆಯಲ್ಲಿ ಹಾಕಿದರು, ಆಮೇಲೆ ಅದನ್ನು ಯಾರೂ ಹಾಕೋ ಅಗತ್ಯ ಬೀಳಲಿಲ್ಲ. ಹಳ್ಳದ ದಂಡೆ, ಬೀಳು ಹೊಲ, ರಸ್ತೆ ಬದಿ, ಎಲ್ಲ ಕಡೆ ತಾನೇ ಹಬ್ಬಿತು. ಕ್ಯಾಟಲಾಗಿನ ಫೋಟೋದಲ್ಲಿ ಕಾಣೋ ಪೈನ್ ಮರದ ಹಾಗೆ ಇದು ನೆಟ್ಟಗೆ ಒಂದು ಕಾಂಡವಾಗಿ ನಿಂತಿರಲ್ಲ. ಬುಡದಿಂದಲೇ ನಾಕೈದು ಕವಲು, ಒಂದೊಂದು ಒಂದೊಂದು ದಿಕ್ಕಿಗೆ, ನಡುವೆ ಮುಳ್ಳಿನ ಬಲೆ. ಬಹುಪಾಲು ಕವಲು ತೊಡೆಗಿಂತ ದಪ್ಪ ಇರಲ್ಲ, ಆದರೆ ಒಣಗಿದ್ದು ಕಲ್ಲಿನಂಗೆ ಗಟ್ಟಿ. ಬುಡದ ತೊಗಟೆಯಲ್ಲಿ ಮಣ್ಣು ಕೂತಿರುತ್ತೆ.

ಇದನ್ನು ತಲೇಲಿಟ್ಟುಕೊಂಡು ಈಗ ಮಷೀನುಗಳನ್ನು ನೋಡೋಣ. ಐವತ್ತು ಸಿಸಿ ಆಸುಪಾಸಿನ ಪೆಟ್ರೋಲ್ ಗರಗಸಗಳಲ್ಲಿ ಮೂರು ಜಾತಿ ಇವೆ.

ಒಂದು, ನಿಜವಾದ ವೃತ್ತಿಪರ ಗರಗಸ. ಜರ್ಮನಿಯ ಸ್ಟಿಲ್ ಕಂಪನಿಯ ಎಂಎಸ್ 261 ಸಿ-ಎಂ: 50.2 ಸಿಸಿ, 3.0 ಕಿಲೋವ್ಯಾಟ್, 4.9 ಕೆಜಿ. ಸ್ವೀಡನ್ನಿನ ಹಸ್ಕ್ವರ್ನಾ 550 ಎಕ್ಸ್‌ಪಿ ಮಾರ್ಕ್ 2: 50.1 ಸಿಸಿ, ಅದೇ 3.0 ಕಿಲೋವ್ಯಾಟ್, 5.3 ಕೆಜಿ. ಎರಡರದ್ದೂ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸು, ದಿನವಿಡೀ ಕಾಡಿನಲ್ಲಿ ದುಡಿಯೋರಿಗೆ ಮಾಡಿದ್ದು.

ಎರಡು, ತೋಟದವರ ಗರಗಸ. ಸ್ಟಿಲ್ ಎಂಎಸ್ 271 ಕೂಡ 50.2 ಸಿಸಿಯೇ, ಆದರೆ 2.6 ಕಿಲೋವ್ಯಾಟ್, 5.6 ಕೆಜಿ. ಹಸ್ಕ್ವರ್ನಾ 450 ಸಹ 50.2 ಸಿಸಿ, ಶಕ್ತಿ 2.4 ಕಿಲೋವ್ಯಾಟ್. ನೋಡಿ, ಸಿಸಿ ಒಂದೇ, ಶಕ್ತಿ ಬೇರೆ, ತೂಕ ಬೇರೆ. ಒಂದು ಕೆಜಿ ತೂಕಕ್ಕೆ ಎಷ್ಟು ಕಿಲೋವ್ಯಾಟ್ ಅಂತ ಭಾಗಿಸಿದರೆ 261ಕ್ಕೆ 0.61 ಬರುತ್ತೆ, 271ಕ್ಕೆ 0.46. ಪೆಟ್ಟಿಗೆ ಮೇಲೆ ಸಿಸಿಯನ್ನಷ್ಟೇ ದೊಡ್ಡದಾಗಿ ಬರೆಯೋರು ಮುಚ್ಚಿಡೋ ವ್ಯತ್ಯಾಸ ಇದು.

ಮೂರು, ಆನ್‌ಲೈನಿನಲ್ಲಿ ನೂರೆಂಟು ಹೆಸರಿನಲ್ಲಿ ಸಿಗೋ '58 ಸಿಸಿ, 22 ಇಂಚು' ಗರಗಸ. ಬಣ್ಣ, ಸ್ಟಿಕ್ಕರು ಬೇರೆ, ಒಳಗಿನದು ಬಹುತೇಕ ಒಂದೇ ಚೀನೀ ನಮೂನೆ. ಪೆಟ್ಟಿಗೆ ಮೇಲೆ 58 ಅಂತಿದ್ದು, ಒಳಗಿನ ಪುಸ್ತಕದಲ್ಲಿ 54.5 ಅಂತ ಇರೋವೂ ಇವೆ. ವೃತ್ತಿಪರ ಗರಗಸದ ಬೆಲೆ ಇದರ ಹಲವು ಪಟ್ಟು. ಎಕ್ಸೆಲ್ ಶೀಟಿನಲ್ಲಿ ಗೆಲ್ಲೋದು ಇದೇ: ಸಿಸಿ ಹೆಚ್ಚು, ಬಾರ್ ಉದ್ದ, ಬೆಲೆ ಕಮ್ಮಿ.

ಈ ಉದ್ದದ ಬಾರ್ ಇದೆಯಲ್ಲ, ನನ್ನ ಮೊದಲ ತಕರಾರು ಅದರ ಮೇಲೇ. ತೊಡೆ ದಪ್ಪದ ಕವಲಿಗೆ 22 ಇಂಚು ಯಾಕೆ? ಐವತ್ತು ಸಿಸಿಗೆ 16 ಇಂಚಿನ ಬಾರ್ ಬೇಕಾದಷ್ಟಾಯ್ತು. ದಪ್ಪ ಬುಡ ಸಿಕ್ಕರೆ ಎರಡೂ ಕಡೆಯಿಂದ ಕೊಯ್ಯಬಹುದು. ಉದ್ದ ಬಾರ್ ಬರೀ ದಂಡವಲ್ಲ, ಅಪಾಯ. ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಗರಗಸ ಕಣ್ಣು ಮಿಟುಕಿಸೋದರೊಳಗೆ ಹಿಂದಕ್ಕೆ, ಮೇಲಕ್ಕೆ, ಹಿಡಿದವನ ಮುಖದ ಕಡೆಗೆ ಎಗರುತ್ತೆ. ಇದಕ್ಕೆ ಕಿಕ್‌ಬ್ಯಾಕ್ ಅಂತಾರೆ. ನೆಟ್ಟಗಿರೋ ಒಂಟಿ ಕಾಂಡದಲ್ಲಿ ಮೂತಿ ಆಚೆ ಬಯಲಿಗೆ ಬರುತ್ತೆ, ಕಣ್ಣಿಗೆ ಕಾಣುತ್ತೆ. ಜಾಲಿ ಪೊದೆಯಲ್ಲಿ ಅದು ಹಿಂದಿನ ಕವಲಿಗೆ ಹೋಗಿ ತಾಗುತ್ತೆ, ಮುಳ್ಳಿನ ಮರೆಯಲ್ಲಿ ಏನೂ ಕಾಣಲ್ಲ. ಬಾರ್ ಉದ್ದವಾದಷ್ಟೂ ಕಾಣದ ಮೂತಿ ಹೆಚ್ಚು ಒಳಗೆ ಹೋಗುತ್ತೆ. ಮುಂಗೈ ಎದುರಿಗಿರೋ ಚೈನ್ ಬ್ರೇಕ್ ಹೊಡೆದು ಚೈನು ನಿಲ್ಲಬೇಕು, ಅದೂ ಸೆಕೆಂಡಿನ ಸಣ್ಣ ಪಾಲಿನಲ್ಲಿ. ಮಷೀನು ಕೊಳ್ಳುವಾಗ ಅಂಗಡಿಯಲ್ಲಿ ಈ ಬ್ರೇಕನ್ನು ಮುಂದೆ ಹಿಂದೆ ತಳ್ಳಿ ನೋಡಿ. ಸಡಿಲ ಅನ್ನಿಸಿದರೆ ಉಳಿದ ಯಾವ ಅಂಕಿಯನ್ನೂ ನೋಡಬೇಕಿಲ್ಲ.

ಎರಡನೆಯದು ಚೈನು. ನಮ್ಮ ಕಡೆ 'ಮಷೀನ್ ಜೋರೈತಿ' ಅಂತ ಎಂಜಿನ್ನಿಗೆ ಸರ್ಟಿಫಿಕೇಟ್ ಕೊಡ್ತಾರೆ, ಆದರೆ ಕೊಯ್ಯೋದು ಚೈನಿನ ಹಲ್ಲು. ಚೂಪು ಮೂಲೆಯ ಹಲ್ಲಿನ ಚೈನು ಹಸಿ, ಶುಭ್ರ ಮರದಲ್ಲಿ ಬೆಣ್ಣೆ ಕೊಯ್ದಂಗೆ ಹೋಗುತ್ತೆ, ಮಣ್ಣು ಹತ್ತಿದ ಒಣ ಜಾಲಿಯಲ್ಲಿ ಬೇಗ ಮೊಂಡಾಗುತ್ತೆ. ಮೂಲೆ ದುಂಡಗಿರೋ, ಸೆಮಿ-ಚಿಸೆಲ್ ಅನ್ನೋ ಚೈನು ಸ್ವಲ್ಪ ನಿಧಾನ, ಆದರೆ ಹದ ಹೆಚ್ಚು ಹೊತ್ತು ನಿಲ್ಲುತ್ತೆ. ನಮಗೆ ಬೇಕಾದ್ದು ಎರಡನೆಯದೇ. ಗರಗಸದಿಂದ ಚಕ್ಕೆ ಬೀಳೋ ಬದಲು ಹಿಟ್ಟು ಬೀಳ್ತಿದ್ರೆ ಹಲ್ಲು ಮೊಂಡಾಗಿದೆ ಅಂತ ಅರ್ಥ. ಆವಾಗ ಕೈಯಿಂದ ಒತ್ತಿ ಕೊಯ್ಯೋ ಬದಲು ಅರ ಹಿಡಿಯಬೇಕು. ಈ ಗಾತ್ರದ ಗರಗಸಕ್ಕೆ ಸಾಮಾನ್ಯವಾಗಿ ಬರೋ .325 ಇಂಚು ಪಿಚ್ಚಿನ ಚೈನಿಗೆ 4.8 ಮಿಲಿಮೀಟರಿನ ದುಂಡು ಅರ ಸಾಕು. ಹರಿತ ಚೈನು ಹಾಕಿದ 2.4 ಕಿಲೋವ್ಯಾಟಿನ ಗರಗಸದ ಮುಂದೆ ಮೊಂಡು ಚೈನಿನ 3 ಕಿಲೋವ್ಯಾಟ್ ಸೋಲುತ್ತೆ.

ಮೂರನೆಯದು ಪೆಟ್ರೋಲು, ಮತ್ತು ಇಲ್ಲಿ ದುಬಾರಿ ಮಷೀನಿನ ಪರವಾಗಿ ನಾನು ಮಾತಾಡಲೇಬೇಕು. ಇವೆಲ್ಲ ಟೂ-ಸ್ಟ್ರೋಕ್ ಎಂಜಿನ್ನು. ಕಂಪನಿ ಹೇಳಿದ ಆಯಿಲ್ ಆದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ, ಅಂದರೆ 50ಕ್ಕೆ 1. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಪೆಟ್ರೋಲಿನ ಒಳಗೇ ಬದಲಾಗಿರೋದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟ ಇ20, ಅಂದರೆ ಶೇ 20 ಎಥನಾಲ್ ಇರೋ ಪೆಟ್ರೋಲು, ಈಗ ಬಂಕಿನ ಮಾಮೂಲಿ ಪೆಟ್ರೋಲೇ ಆಗಿದೆ. ಕೈಯಿಂದ ತಿರುಪು ತಿರುಗಿಸಿ ಹೊಂದಿಸೋ ಕಾರ್ಬುರೇಟರಿನ ಎಂಜಿನ್ನಿಗೆ ಶೇ 10ಕ್ಕಿಂತ ಹೆಚ್ಚು ಎಥನಾಲ್ ಆಗಿಬರಲ್ಲ ಅಂತ ಸ್ಟಿಲ್ ಕಂಪನಿಯ ಕೈಪಿಡಿಯೇ ಹೇಳುತ್ತೆ. ಎಥನಾಲ್ ಹೆಚ್ಚಾದರೆ ಮಿಶ್ರಣ ತೆಳುವಾಗುತ್ತೆ, ಎಂಜಿನ್ ಕಾಯುತ್ತೆ. ಹೊರಗೆ ರಾಯಚೂರಿನ 42 ಡಿಗ್ರಿ ಬಿಸಿಲು ಬೇರೆ. ಜೊತೆಗೆ ಎಥನಾಲ್ ಗಾಳಿಯ ತೇವ ಹೀರುತ್ತೆ. ಡಬ್ಬದಲ್ಲಿ ಕಲಸಿಟ್ಟ ಪೆಟ್ರೋಲನ್ನು ಮುಂದಿನ ಸುಗ್ಗಿಗೆ ಬಳಸಿದರೆ ಕಾರ್ಬುರೇಟರಿನ ರಬ್ಬರ್ ಪೊರೆ ಕೆಡುತ್ತೆ.

ಎಂಎಸ್ 261 ಸಿ-ಎಂನ ಎಂ-ಟ್ರಾನಿಕ್, ಹಸ್ಕ್ವರ್ನಾದ ಆಟೋಟ್ಯೂನ್, ಎರಡೂ ಮಿಶ್ರಣವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಎಂ-ಟ್ರಾನಿಕ್ ಇದ್ದರೆ ಶೇ 25ರವರೆಗೂ ಎಥನಾಲ್ ನಡೆಯುತ್ತೆ ಅಂತ ಅದೇ ಕೈಪಿಡಿ ಹೇಳುತ್ತೆ. ಜಾಹೀರಾತಿನಲ್ಲಿ ಆಡಂಬರದಂತೆ ಕಾಣೋ ಈ ಎಲೆಕ್ಟ್ರಾನಿಕ್ಸು ನಮ್ಮ ಬಂಕಿನ ಪೆಟ್ರೋಲಿಗೆ ನಿಜವಾದ ಉತ್ತರ. ಆದರೆ ಅದಕ್ಕೊಂದು ಬೆಲೆ ಇದೆ. ಅದರ ಕಾರ್ಬುರೇಟರಿನಲ್ಲಿ ಊರಿನ ಮೆಕ್ಯಾನಿಕ್ ತಿರುಗಿಸೋಕೆ ತಿರುಪೇ ಇಲ್ಲ. ಕೆಟ್ಟರೆ ಕಂಪನಿಯ ಡಯಾಗ್ನೋಸ್ಟಿಕ್ ಉಪಕರಣ ಇರೋ ಡೀಲರ್ ಹತ್ರ ಹೋಗಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕೋಡ್ ಚೆನ್ನಾಗಿದೆ, ಆದರೆ ಪ್ರೊಡಕ್ಷನ್ನಿನಲ್ಲಿ ಡಿಬಗ್ ಮಾಡೋರು ಎಷ್ಟು ಕಿಲೋಮೀಟರ್ ದೂರದಲ್ಲಿದ್ದಾರೆ? ಹಾಗಾಗಿ ಸ್ಟಿಲ್ಲೋ ಹಸ್ಕ್ವರ್ನಾವೋ ಅನ್ನೋ ಜಗಳಕ್ಕೆ ನನ್ನ ತೀರ್ಪು ನೀರಸವಾದದ್ದು. 400 ಗ್ರಾಂ ವ್ಯತ್ಯಾಸ ಬಿಟ್ಟರೆ ಎರಡೂ ಸಮ. ನಿಮ್ಮೂರಿನಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಯೊಳಗೆ ರಿಪೇರಿ ಮಾಡಿಸಿ ತರಬಹುದಾದ ಡೀಲರ್ ಯಾರದ್ದಿದೆಯೋ ಅದೇ ಒಳ್ಳೆ ಗರಗಸ.

ಈಗ ಕೈ. ಒಂದು ನಿಜ ಹೇಳಿಕೊಳ್ಳೋಣ: ಮಷೀನು ಕೊಳ್ಳೋ ನೀವು ಅದನ್ನು ಹಿಡಿಯಲ್ಲ. ನಿಮ್ಮಪ್ಪನೂ ಹಿಡಿಯಲ್ಲ. ಹಿಡಿಯೋನು ಕೂಲಿಗೆ ಬರೋ ಹುಡುಗ. ಕಾಲಲ್ಲಿ ಚಪ್ಪಲಿ, ಮೇಲೆ ಕಟ್ಟಿದ ಲುಂಗಿ, ಕಿವಿಗೆ ಏನೂ ಇಲ್ಲ. ಈ ಗರಗಸಗಳ ಸದ್ದು ಹಿಡಿದವನ ಕಿವಿ ಹತ್ರ 100 ಡೆಸಿಬಲ್ ದಾಟುತ್ತೆ. 4.9 ಕೆಜಿ ಅಂತ ಬರೆದದ್ದು ಬಾರ್, ಚೈನು, ಪೆಟ್ರೋಲು ಇಲ್ಲದ ತೂಕ, ಕೈಗೆ ಬಂದಾಗ ಆರು ದಾಟಿರುತ್ತೆ.

ಕಂಪನದ್ದೂ ಲೆಕ್ಕ ಇದೆ. ಎಂಎಸ್ 261ರ ಹಿಡಿಯಲ್ಲಿ ಕಂಪನ ಸೆಕೆಂಡ್ ವರ್ಗಕ್ಕೆ ಸುಮಾರು 3.5 ಮೀಟರ್. ಎಂಟು ತಾಸಿನ ಕೆಲಸಕ್ಕೆ 2.5 ದಾಟಿದರೆ ಮಾಲೀಕ ಕ್ರಮ ತಗೋಬೇಕು ಅಂತ ಯುರೋಪಿನ 2002ರ ನಿಯಮ. ಅದರ ಸೂತ್ರದಲ್ಲಿ ಕೂಡಿಸಿದರೆ 3.5ರ ಮಷೀನಿನಲ್ಲಿ ಆ ಮಟ್ಟ ತಲುಪೋಕೆ ಸುಮಾರು ನಾಲ್ಕು ತಾಸು. ಕಂಪನ ಎರಡು ಪಟ್ಟು ಇರೋ ಮಷೀನಿನಲ್ಲಿ ಒಂದೇ ತಾಸು. ಎರಡು ಪಟ್ಟು ಕಂಪನ, ಕಾಲು ಭಾಗ ಸಮಯ. ಅಗ್ಗದ ಪೆಟ್ಟಿಗೆಗಳ ಮೇಲೆ ಈ ಅಂಕಿ ಹುಡುಕಿ ನೋಡಿ, ಬಹುಪಾಲು ಸಿಗೋದೇ ಇಲ್ಲ. ದಿನಾ ಇದನ್ನೇ ಮಾಡೋನ ಬೆರಳು ಜೋಮು ಹಿಡಿದು, ವರ್ಷಗಳಾದ ಮೇಲೆ ಅಂಗಿಯ ಗುಂಡಿ ಹಾಕೋದೂ ಕಷ್ಟ ಆಗಬಹುದು. ಹಾಗಾಗಿ ದುಬಾರಿ ಗರಗಸದಲ್ಲಿ ನೀವು ಕೊಡೋ ಹೆಚ್ಚಿನ ದುಡ್ಡು ಬೇಗ ಕೊಯ್ಯೋದಕ್ಕಷ್ಟೇ ಅಲ್ಲ, ಇನ್ನೊಬ್ಬನ ಬೆರಳಿಗೂ. ವಿಮರ್ಶೆ ಬರೆಯೋರು ಈ ಸಾಲನ್ನು ಕೊನೇ ಪ್ಯಾರಾದಲ್ಲಿ 'ಹಿಡಿಯಲು ಆರಾಮ' ಅಂತ ಮುಗಿಸಿಬಿಡ್ತಾರೆ.

ಕಾಲಿಗೆ ಹಾಕೋ ರಕ್ಷಾಕವಚವೂ ಇದೆ, ಚಾಪ್ಸ್ ಅಂತಾರೆ. ಚೈನು ತಾಗಿದ ಕೂಡಲೇ ಒಳಗಿನ ಉದ್ದ ನೂಲುಗಳು ಎಳೆದುಕೊಂಡು ಬಂದು ಚಕ್ರಕ್ಕೆ ಸುತ್ತಿ ಚೈನನ್ನು ನಿಲ್ಲಿಸುತ್ತವೆ. 'ಈ ಬಿಸಲಾಗ ಅದನ್ಯಾರು ಹಾಕ್ಕೋತಾರ್ರಿ' ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಚಾಪ್ಸ್ ಬಿಡೋದಲ್ಲ, ಹೊತ್ತು ಬದಲಿಸೋದು. ಬೆಳಿಗ್ಗೆ ಆರಕ್ಕೆ ಶುರು, ಹತ್ತಕ್ಕೆ ಬಂದ್, ಪೂರ್ತಿ ದಿನದ ಕೂಲಿ. ನಾಲ್ಕು ತಾಸಿನ ಕಂಪನದ ಲೆಕ್ಕಕ್ಕೂ ಇದು ಸರಿಹೋಗುತ್ತೆ.

ಕೊನೆಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ನಿಮಗೆ ಗರಗಸ ಬೇಕೇ? ಬೀಳು ಹೊಲ ಹಸನು ಮಾಡಬೇಕು ಅಂತಿದ್ದರೆ, ಗರಗಸದಿಂದ ಜಾಲಿ ಸಾಯಲ್ಲ. ಕೊಯ್ದ ಬುಡದಿಂದ ಮುಂದಿನ ಮಳೆಗೇ ಮತ್ತೆ ಚಿಗುರುತ್ತೆ, ಮೊದಲಿಗಿಂತ ದಟ್ಟವಾಗಿ. ಅದಕ್ಕೆ ಬುಡಸಮೇತ ಕೀಳೋ ಜೆಸಿಬಿ ಬೇಕು. ಗರಗಸದ ಕೆಲಸ ಕಿತ್ತ ಮೇಲೆ ಕಟ್ಟಿಗೆ ತುಂಡು ಮಾಡೋದು ಅಷ್ಟೇ. ಬೇವು, ಹುಣಸೆಯಂಥ ಮರ ಕಡಿಯೋದಾದರೆ, ಅದು ಸ್ವಂತ ಹೊಲದ್ದಾದರೂ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಅರಣ್ಯ ಇಲಾಖೆಯಲ್ಲಿ ಮೊದಲು ಕೇಳಿಕೊಳ್ಳಿ.

ನನ್ನ ಪಟ್ಟಿ ಹೀಗೆ. ವರ್ಷಕ್ಕೆ ಹತ್ತು ದಿನದ ಕೆಲಸ ಇದ್ದರೆ ಕೊಳ್ಳಬೇಡಿ, ಸ್ವಂತ ಗರಗಸ ಇರೋ ಕೈಚಳಕದವನನ್ನು ಕರೆಸಿ, ಕೇಳಿದ ಕೂಲಿ ಕೊಡಿ. ತಿಂಗಳಿಗೆ ನಾಕೈದು ದಿನ ಇದ್ದರೆ 271 ಅಥವಾ 450, 16 ಇಂಚು ಬಾರ್, ಕಲಸಿದ ಪೆಟ್ರೋಲು ಆಯಾ ವಾರಕ್ಕೆ ಬೇಕಾದಷ್ಟೇ. ಆದರೆ ಇ20 ತಕರಾರು ಇವಕ್ಕೆ ಇದ್ದೇ ಇರುತ್ತೆ, ಡೀಲರ್ ಹತ್ರ ಬಾಯಿಬಿಟ್ಟು ಕೇಳಿ. ದಿನಾ ಕೊಯ್ಯಿಸೋ ಕಟ್ಟಿಗೆ ವ್ಯಾಪಾರ, ಇದ್ದಿಲ ಭಟ್ಟಿ ಇದ್ದರೆ 261 ಸಿ-ಎಂ ಅಥವಾ 550 ಎಕ್ಸ್‌ಪಿ, ಅದಕ್ಕಿಂತ ಕಮ್ಮಿ ಬೇಡ. 22 ಇಂಚಿನ 58 ಸಿಸಿ ಯಾವ ಲೆಕ್ಕಕ್ಕೂ ಬೇಡ. ಯಾವುದನ್ನೇ ಕೊಂಡರೂ ಆರ್ಡರ್ ಬುಟ್ಟಿಗೆ ಮೊದಲು ಹೆಲ್ಮೆಟ್, ಕಿವಿಮುಚ್ಚಳ, ಚಾಪ್ಸ್, ಗಟ್ಟಿ ಬೂಟು, ಎರಡು ಅರ ಹಾಕಿ. ಉಳಿದ ದುಡ್ಡಿಗೆ ಯಾವ ಗರಗಸ ಬರುತ್ತೋ ನೋಡಿ. ಯಾವುದೂ ಬರಲ್ಲ ಅಂದರೆ, ಮುಂದಿನ ಬೋನಸ್‌ವರೆಗೂ ಜಾಲಿ ಅಲ್ಲೇ ಇರುತ್ತೆ. ಅದೆಲ್ಲಿಗೂ ಹೋಗಲ್ಲ.