ಗ್ರಂಥಭಂಡಾರದಲ್ಲಿ ಭಿನ್ನಪಾಠ

ಹರಿಹರನ ‘ಪ್ರಭುದೇವರ ರಗಳೆ’ಯನ್ನೂ ಚಾಮರಸನ ‘ಪ್ರಭುಲಿಂಗಲೀಲೆ’ಯನ್ನೂ ಪಕ್ಕಪಕ್ಕದಲ್ಲಿರಿಸಿಕೊಂಡು ಓದಿದವರಿಗೆ ಒಂದು ವಿಸ್ಮಯ ತಪ್ಪದು. ಹರಿಹರನ ಅಲ್ಲಮನು ಕಾಮಲತೆಗೆ ಮನಸೋತವನು. ಆಕೆಯೊಡನೆ ಬಾಳಿ, ಆಕೆ ಅಳಿದ ಮೇಲೆ ವಿರಹದಿಂದ ಬೆಂದು ಅಲೆದವನು. ಆ ಅಲೆದಾಟದಲ್ಲಿಯೇ ನೆಲದಲ್ಲಿ ಹುಗಿದುಹೋದ ದೇಗುಲದ ಕಳಸವನ್ನು ಕಂಡು, ಒಳಹೊಕ್ಕು, ಅನಿಮಿಷಯ್ಯನ ಕರಸ್ಥಲದ ಲಿಂಗವನ್ನು ಪಡೆದವನು. ಚಾಮರಸನ ಅಲ್ಲಮನಾದರೋ ಮಾಯೆಯ ಕೈಗೆ ಸಿಕ್ಕದವನು. ಬನವಸೆಯಲ್ಲಿ ಆಕೆ ಅವನನ್ನು ಗೆಲ್ಲಲೆಳಸಿ ತಾನೇ ಸೋಲುತ್ತಾಳೆ. ಒಬ್ಬನು ಬಿದ್ದು ಎದ್ದವನು, ಇನ್ನೊಬ್ಬನು ಬೀಳಲೇ ಇಲ್ಲ.

ಇವೆರಡರಲ್ಲಿ ಚರಿತ್ರೆಗೆ ಹತ್ತಿರವಾದುದು ಯಾವುದೆಂಬ ವಿದ್ವಾಂಸರ ಚರ್ಚೆ ಇಲ್ಲಿ ನಮಗೆ ಬೇಡ. ಗಮನಿಸಬೇಕಾದ ಸಂಗತಿ ಬೇರೊಂದಿದೆ. ಪ್ರಭುವನ್ನು ನಿತ್ಯನಿರ್ಮಾಯನೆಂದು ನಂಬಿದ ಭಕ್ತಸಮುದಾಯಕ್ಕೆ ಹರಿಹರನ ಕಥೆ ಮುಜುಗರವನ್ನುಂಟುಮಾಡಿದ್ದರೆ ಆಶ್ಚರ್ಯವಿಲ್ಲ. ಆದರೂ ಆ ಓಲೆಗಳನ್ನು ಯಾರೂ ಹೊಳೆಗೆ ಹಾಕಲಿಲ್ಲ. ಚಾಮರಸನು ಒಂದು ಕಾವ್ಯಕ್ಕೆ ಇನ್ನೊಂದು ಕಾವ್ಯದಿಂದ ಉತ್ತರ ಕೊಟ್ಟನು, ಲಿಪಿಕಾರರು ಎರಡನ್ನೂ ಪ್ರತಿಮಾಡಿದರು, ಎರಡೂ ಉಳಿದುಬಂದುವು. ‘ಶೂನ್ಯಸಂಪಾದನೆ’ಯ ಕಥೆಯೂ ಇದೇ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಂದೇ ಸಂಕಲನವನ್ನು ನಾಲ್ಕು ಬಗೆಯಾಗಿ ಕಟ್ಟಿದರು. ಸಿದ್ಧರಾಮಯ್ಯನಿಗೆ ಇಷ್ಟಲಿಂಗ ದೀಕ್ಷೆಯಾಯಿತೆ ಎಂಬಂಥ, ತತ್ತ್ವದ ಬುಡಕ್ಕೇ ಸೇರಿದ ಪ್ರಶ್ನೆಯಲ್ಲಿಯೂ ಅವರು ಒಮ್ಮತದವರಲ್ಲ. ಹಿಂದಿನವರ ಕೃತಿ ಒಪ್ಪಿಗೆಯಾಗದಿದ್ದವರು ತಮ್ಮದೊಂದನ್ನು ರಚಿಸಿದರೇ ಹೊರತು ಹಿಂದಿನದನ್ನು ಅಳಿಸಲಿಲ್ಲ. ನಮ್ಮ ಮಠಗಳ ಗ್ರಂಥಭಂಡಾರಗಳು ಇಂಥ ಭಿನ್ನಪಾಠಗಳ ಆಶ್ರಯಸ್ಥಾನಗಳಾಗಿದ್ದುವು. ಡಾ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದುದೂ, ಸಮಗ್ರ ವಚನ ಸಂಪುಟಗಳು 1993ರಲ್ಲಿ 15 ಸಂಪುಟಗಳಾಗಿ ಸಿದ್ಧವಾದುದೂ ಸಾಧ್ಯವಾದದ್ದು, ಯಾವುದನ್ನು ಉಳಿಸಬೇಕು ಯಾವುದನ್ನು ಬಿಡಬೇಕೆಂದು ಅತಿಯಾಗಿ ಯೋಚಿಸದೆ ಕಟ್ಟು ಕಟ್ಟಿ ಇಟ್ಟವರ ದೆಸೆಯಿಂದ.

ಈ ಮಾತನ್ನು ನೆನೆಯಲು ಕಾರಣ, ಇಂದು ನಮ್ಮ ಶಾಲೆಗಳ ಮತ್ತು ಊರುಗಳ ಗ್ರಂಥಾಲಯಗಳು ಈ ಕ್ರಮಕ್ಕೆ ವಿಮುಖವಾಗಿರುವುದು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ 1965ರದು. ಅದರ ಹಿಂದೆ ಡಾ. ಎಸ್. ಆರ್. ರಂಗನಾಥನ್ ಅವರ ಚಿಂತನೆಯಿದೆ. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ವಾಚಕನಿಗೂ ಅವನ ಪುಸ್ತಕ ದೊರೆಯಬೇಕೆಂಬುದು, ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ವಾಚಕ ದೊರೆಯಬೇಕೆಂಬುದು. ನಮ್ಮ ವ್ಯವಸ್ಥೆ ಎರಡನೆಯದನ್ನು ಅರೆಬರೆಯಾಗಿ ಪಾಲಿಸಿ ಮೂರನೆಯದನ್ನು ಮರೆತೇಬಿಟ್ಟಿದೆ. ಸಗಟು ಖರೀದಿಯಲ್ಲಿ ಒಂದೊಂದು ಶೀರ್ಷಿಕೆಯ ನೂರಾರು ಪ್ರತಿಗಳು ಒಮ್ಮೆಲೇ ಹಂಚಿಕೆಯಾಗುತ್ತವೆ. ಪ್ರಕಾಶಕರಿಗೆ ಇದು ಉಪಕಾರವೇ, ಅಲ್ಲಗಳೆಯುವಂತಿಲ್ಲ. ಆದರೆ ಬೀದರಿನ ಕಪಾಟನ್ನೂ ಚಾಮರಾಜನಗರದ ಕಪಾಟನ್ನೂ ಒಂದೇ ಪಟ್ಟಿಯಿಂದ ತುಂಬಿದರೆ ಊರಿಗೊಂದು ಗ್ರಂಥಾಲಯವಾಗುವುದಿಲ್ಲ; ಒಂದೇ ಗ್ರಂಥಾಲಯದ ಪಡಿಯಚ್ಚುಗಳಾಗುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಅನೇಕ ಕಡೆ ಕಟ್ಟಡ, ಬಣ್ಣ, ಗಣಕಯಂತ್ರಗಳನ್ನು ಕಂಡಿವೆ. ಸಂತೋಷ. ಪುಸ್ತಕದ ಆಯ್ಕೆಯ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇದೆ.

ಶಾಲೆಗಳಲ್ಲಿಯಂತೂ ಪುಸ್ತಕ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಬೀಗದೊಳಗಿರುವುದೇ ಹೆಚ್ಚು. ಕಳೆದರೆ ದಾಸ್ತಾನು ವಹಿಗೆ ಉತ್ತರ ಹೇಳಬೇಕಲ್ಲ! ಇದಕ್ಕೆ ಉಪಾಧ್ಯಾಯರನ್ನು ದೂಷಿಸಿ ಫಲವಿಲ್ಲ.

ಸರ್ಕಾರವನ್ನು ಕುರಿತು ಇಷ್ಟು ಹೇಳಿದವರು ನಮ್ಮ ಮನೆಯೊಳಗನ್ನೂ ನೋಡಿಕೊಳ್ಳಬೇಕು. ಮಠಗಳು ನಡೆಸುವ ಎಷ್ಟೋ ಶಾಲೆಗಳ ಕಪಾಟುಗಳಲ್ಲಿ ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ, ಪೂಜ್ಯರ ಆಶೀರ್ವಚನಗಳ ಸಂಕಲನ ಇವೇ ಸಾಲುಗಟ್ಟಿರುತ್ತವೆ. ಇವು ಇರಬಾರದೆಂದಲ್ಲ, ಇವಷ್ಟೇ ಇದ್ದರೆ ಹುಡುಗನು ಶರಣರನ್ನು ಕಾಣುವುದಿಲ್ಲ, ಶರಣರ ಬಗೆಗಿನ ನಮ್ಮ ಸ್ತುತಿಯನ್ನು ಮಾತ್ರ ಕಾಣುತ್ತಾನೆ. ಸೂಳೆ ಸಂಕವ್ವೆಯ ಒಂದೇ ಒಂದು ವಚನ ನಮಗೆ ಉಳಿದಿದೆ. ಅಕ್ಕಮಹಾದೇವಿಯ ಪಕ್ಕದಲ್ಲಿ ಆಕೆಯೂ ಇಲ್ಲದ ಸಂಕಲನವನ್ನು ಮಕ್ಕಳ ಕೈಗಿತ್ತು ಅನುಭವಮಂಟಪದ ವರ್ಣನೆ ಮಾಡುವುದು ಎಷ್ಟು ಸರಿ? ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಇವನ್ನು ನಮ್ಮ ಪ್ರೌಢಶಾಲೆಯ ಹುಡುಗಿಯೊಬ್ಬಳು ಓದಿದರೆ ಆಕೆಯ ಶಿವಭಕ್ತಿಗೆ ಕುಂದು ಬರುವುದೆಂದು ಭಾವಿಸುವವರು ಆ ಭಕ್ತಿಯನ್ನೇ ಅಲ್ಪವೆಂದು ತಿಳಿದಂತಾಯಿತು.

ಎಲ್ಲಕ್ಕಿಂತ ಕಠಿನವಾದ ಪ್ರಸಂಗವನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಡಾ. ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು 1997ರಲ್ಲಿ ಸರ್ಕಾರವು ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನಂತೆ ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಅಕ್ಕನಾಗಮ್ಮನವರನ್ನೂ ಚೆನ್ನಬಸವಣ್ಣನವರ ಜನನವನ್ನೂ ಕುರಿತ ಅದರ ಕಲ್ಪನೆ ಭಕ್ತರ ಮನಸ್ಸನ್ನು ನೋಯಿಸಿದುದು ನಿಜ. ಆ ನೋವನ್ನು ಹಗುರವಾಗಿ ಕಾಣುವವನು ನಾನಲ್ಲ. ತೀರ್ಪಿಗೆ ತಲೆಬಾಗುವುದೂ ನಮ್ಮ ಕರ್ತವ್ಯವೇ. ಆದರೆ ವಿಮರ್ಶಕನಾಗಿ ನನಗೊಂದು ತೊಡಕಿದೆ. ಆ ಕಲ್ಪನೆ ಕಥನಕ್ಕೆ ಅನಿವಾರ್ಯವಾಗಿತ್ತೆ, ಹನ್ನೆರಡನೆಯ ಶತಮಾನದ ಆಕರಗಳಲ್ಲಿ ಅದಕ್ಕೆ ಆಧಾರವಿದೆಯೆ ಎಂಬ ಪ್ರಶ್ನೆಗಳನ್ನು ಇಂದಿನ ವಿದ್ಯಾರ್ಥಿಯ ಮುಂದೆ ಎತ್ತುವುದು ಹೇಗೆ? ಅವನು ಓದಲಾಗದ ಪುಸ್ತಕವನ್ನು ನಾನು ಖಂಡಿಸಿದರೂ ಅವನಿಗದು ಕೇಳಿದ ಮಾತು, ಮೆಚ್ಚಿದರೂ ಕೇಳಿದ ಮಾತು. ಹರಿಹರನಿಗೆ ಚಾಮರಸ ಒದಗಿದಂತೆ ಈ ಕಾದಂಬರಿಗೆ ಸಾಟಿಯಾದ ಒಂದು ಉತ್ತರ ನಮ್ಮವರಿಂದ ಬಂದಿದ್ದರೆ ಚೆನ್ನಬಸವಣ್ಣನವರ ಘನತೆಗೆ ಅದೇ ತಕ್ಕ ಸೇವೆಯಾಗುತ್ತಿತ್ತು. ನಾವು ಬರೆದುದು ಮನವಿಪತ್ರಗಳನ್ನು.

ಅಂತರ್ಜಾಲದಲ್ಲಿ ವಚನಗಳೆಲ್ಲ ದೊರೆಯುವಾಗ ಕಪಾಟಿನ ಚಿಂತೆ ಏಕೆಂದು ಕೇಳುವವರುಂಟು. ಅಲ್ಲಿ ಹೆಸರು ಗೊತ್ತಿದ್ದವನಿಗೆ ಹುಡುಕಿದ್ದು ಸಿಗುತ್ತದೆ. ಹುಡುಕದೆ ಇದ್ದುದು ಕೈಗೆ ತಾಕುವುದು ಕಪಾಟಿನ ಮುಂದೆ ನಿಂತಾಗ.

ಜೈನಕವಿ ಧರಣಿಪಂಡಿತನ ‘ಬಿಜ್ಜಳರಾಯ ಚರಿತೆ’ ಬಸವಣ್ಣನವರನ್ನು ಪ್ರತಿಪಕ್ಷದ ಕಣ್ಣಿನಿಂದ ನೋಡುವ ಕೃತಿ. ಓದಿದರೆ ನಮಗೆ ಇರುಸುಮುರುಸಾಗುವುದು ಸಹಜ. ಮಠದ ಪ್ರೌಢಶಾಲೆ, ಕಾಲೇಜುಗಳಿಗೆ ಮುಂದಿನ ಬಾರಿ ಪುಸ್ತಕದಾನ ಮಾಡುವ ಭಕ್ತರು ಭೀಮಕವಿಯ ‘ಬಸವಪುರಾಣ’ದ ಜೊತೆಗೆ ಅದರದೊಂದು ಪ್ರತಿಯನ್ನೂ ಹುಡುಕಿ ಕೊಡಲಿ, ಬೀರುವಿನ ಬೀಗದ ಕೈಯನ್ನು ಓದುವ ಹುಡುಗರಲ್ಲಿ ಒಬ್ಬನ ವಶಕ್ಕೆ ಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಲಿ.