ಕಳ್ಳ ಪಂಚಮ

ಗೋಡೆಯ ಪ್ಲಗ್ಗಿನಲ್ಲಿ ಬರುವ ಕರೆಂಟಿಗೂ ಒಂದು ಶ್ರುತಿ ಇದೆ. ಸೆಕೆಂಡಿಗೆ 50 ಆವರ್ತ. ಅದರ ದುಪ್ಪಟ್ಟು 100 ಕೂಡ ಜೊತೆಗೇ ಗುಂಯ್‌ಗುಡುತ್ತದೆ. ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡುವ ಗಂಡಸಿನ ಮಂದ್ರ ಪಂಚಮ 98ರ ಆಸುಪಾಸು. ಎರಡೂ ಕೂಡಿದರೆ ಸೆಕೆಂಡಿಗೆ ಎರಡು ಸಲ ಸ್ವರ ತೂಗಾಡುತ್ತದೆ. ಕೇಳುಗನಿಗೆ ಕಾರಣ ತಿಳಿಯುವುದಿಲ್ಲ, ತಂಬೂರಿಯ ಮೇಲೆ ಅನುಮಾನ ಬರುತ್ತದೆ.

ಸಣ್ಣ ರೇಡಿಯೋ ಸ್ಟುಡಿಯೋಗಳಲ್ಲಿ ಈಗ ಇದಕ್ಕೆ ಸಾಫ್ಟ್‌ವೇರೇ ಮದ್ದು. ಮೊದಲು ರೆಕಾರ್ಡ್ ಮಾಡು, ಆಮೇಲೆ ತೊಳೆ. ವಾರ್ತೆ ಓದುವ ದನಿಗೆ ಇದು ಹೇಗೋ ನಡೆದೀತು. ಸಂಗೀತಕ್ಕೆ ನಡೆಯದು. ಎಡೆಬಿಡದೆ ಒಂದೇ ಸಮ ಮೊಳಗುವುದೆಲ್ಲ ಆ ಸಾಫ್ಟ್‌ವೇರಿನ ಲೆಕ್ಕದಲ್ಲಿ ಗಲಾಟೆ. ತಂಬೂರಿ ಮಾಡುವುದೂ ಅದನ್ನೇ ತಾನೆ? ಗುಂಯ್‌ಕಾರದ ಜೊತೆ ತಂಬೂರಿ ತಂತಿಯ ಝೇಂಕಾರವಾದ ಜವಾರಿಯೂ ಅರ್ಧ ತೊಳೆದುಹೋಗಿ, ಹಾಡು ನೀರಿನೊಳಗಿಂದ ಬಂದಂತೆ ಕೇಳುತ್ತದೆ.

ಇದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿದೆ: ಪ್ಲಗ್ಗಿನ ಮೂರನೇ ಪಿನ್ನು ಕತ್ತರಿಸುವುದು. ಅರ್ತ್ ಹೋದೊಡನೆ ಸದ್ದೂ ಹೋಗಬಹುದು, ನಿಜ. ಆದರೆ ಯಂತ್ರದೊಳಗೆ ಎಲ್ಲೋ ತಂತಿ ತಗುಲಿದ ದಿನ ಮೈಕು ಹಿಡಿದವರ ಕೈಗೇ ಶಾಕ್. ಇದನ್ನು ಜಾಣತನ ಎನ್ನುವವರ ಜೊತೆ ನನಗೆ ವಾದವೇ ಬೇಡ.

ಮೈಕಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್. ಅದನ್ನು ಸಾವಿರ ಪಟ್ಟು ಹಿಗ್ಗಿಸುವಾಗ ದಾರಿಯಲ್ಲಿ ಸೇರಿದ ಕಸವೂ ಅಷ್ಟೇ ಹಿಗ್ಗುತ್ತದೆ. ಮೂರು ಪಿನ್ನಿನ ಮೈಕ್ ಕೇಬಲ್ಲಿನ ಉಪಾಯ ಇಲ್ಲೇ ಇರುವುದು. ಒಂದೇ ದನಿ ಎರಡು ತಂತಿಗಳಲ್ಲಿ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ಹೊರಗಿನ ಗುಂಯ್‌ಕಾರ ಎರಡಕ್ಕೂ ಒಂದೇ ಬಗೆಯಲ್ಲಿ ಅಂಟುತ್ತದೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಅಂಟಿದ್ದು ಮಾಯ, ದನಿ ಇಮ್ಮಡಿ. ತಂತಿಯ ತುದಿಯಲ್ಲೇ ನಡೆಯುವ ಈ ವ್ಯವಕಲನದ ಮುಂದೆ ನನಗೆ ಯಾವ ಸಾಫ್ಟ್‌ವೇರೂ ದೊಡ್ಡದಾಗಿ ಕಂಡಿಲ್ಲ.

ಏಸಿ, ಫ್ಯಾನು, ಟ್ಯೂಬ್‌ಲೈಟಿನ ಚೋಕು ಇವೆಲ್ಲ ಆರಿಸಿದರೆ ಮುಗಿಯುವ ತಂಟೆ. ಆರಿಸಲಾಗದ್ದು ಅರ್ತಿನ ಸುತ್ತು. ಧಾರವಾಡದ ಕಡೆಯ ಹಿರಿಯ ಗಾಯಕರೊಬ್ಬರ ಧ್ವನಿಮುದ್ರಣದ ದಿನ ಮಿಕ್ಸರು ಒಂದು ಗೋಡೆಯ ಪ್ಲಗ್ಗಿನಲ್ಲಿತ್ತು, ಕಂಪ್ಯೂಟರು ಎದುರು ಗೋಡೆಯದರಲ್ಲಿ. ಎರಡು ಅರ್ತು, ನಡುವೆ ಆಡಿಯೋ ಕೇಬಲ್. ಕರೆಂಟು ಅದರೊಳಗೇ ಪ್ರದಕ್ಷಿಣೆ ಹಾಕುತ್ತಿತ್ತು. ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದೆವು. ಹೆಡ್‌ಫೋನ್ ಹಾಕಿಕೊಂಡಿದ್ದ ಅವರು ತಲೆಯೆತ್ತಿ, “ಈಗ ಸೂರ ಕೂಡಿತ ನೋಡ್ರಿ. ತಂಬೂರಿ ಯಾರ ಮುಟ್ಟಿದ್ರಿ?” ಎಂದರು.